ಪಟ್ಟಿಯಿರುವ ಹಲಗೆ, ಪಟ್ಟಿಯಿಲ್ಲದ ಹಲಗೆ: ಕೈಟ್‌ಬೋರ್ಡ್ ಆರಿಸುವ ಮುನ್ನ

ಗಾಳಿಪಟದ ಎಳೆತಕ್ಕೆ ನೀರಿನ ಮೇಲೆ ಹಲಗೆಯೇರಿ ಸಾಗುವ ಕೈಟ್‌ಬೋರ್ಡಿಂಗ್ ಕಲಿಯಲು ಹೋದವರಿಗೆ ಮೊದಲ ಹಲಗೆಯನ್ನು ಆರಿಸುವ ತಲೆನೋವು ಇರುವುದಿಲ್ಲ. ರಾಮೇಶ್ವರದ ಕಡಲಂಚಿನಲ್ಲಾಗಲಿ, ಗೋವಾದ ಮೊರ್ಜಿಮ್‌ನಲ್ಲಾಗಲಿ, ಸ್ಪೇನಿನ ತರೀಫಾದಲ್ಲಾಗಲಿ, ತರಬೇತಿ ಶಾಲೆಯವರು ಕೈಗಿಡುವುದು ಬಹುಮಟ್ಟಿಗೆ ಒಂದೇ ಬಗೆಯ ಹಲಗೆ: ಎರಡೂ ತುದಿಗಳು ಒಂದೇ ಆಕಾರದಲ್ಲಿದ್ದು, ಪಾದಗಳನ್ನು ತೂರಿಸಲು ಎರಡು ಪಟ್ಟಿಗಳಿರುವ ಟ್ವಿನ್ ಟಿಪ್. ನೀರಿನ ಮೇಲೆ ನಿಂತು, ಗಾಳಿ ಬರುವ ದಿಕ್ಕಿನತ್ತ ಓರೆಯಾಗಿ ಏರಿ, ಹೊರಟ ಜಾಗಕ್ಕೇ ಮರಳುವಷ್ಟು ಹಿಡಿತ ಸಿಕ್ಕ ಮೇಲೆ, ಸ್ವಂತ ಹಲಗೆ ಕೊಳ್ಳುವ ಯೋಚನೆ ಬಂದಾಗ ಪ್ರಶ್ನೆ ಏಳುತ್ತದೆ. ಅದೇ ಟ್ವಿನ್ ಟಿಪ್‌ನಲ್ಲಿ ಮುಂದುವರಿಯಬೇಕೇ, ಅಥವಾ ಸರ್ಫ್‌ಬೋರ್ಡಿನಂತೆ ಒಂದೇ ಕಡೆ ಮೂತಿಯಿರುವ, ಪಟ್ಟಿಗಳೇ ಇಲ್ಲದ ಡೈರೆಕ್ಷನಲ್ ಹಲಗೆಗೆ ಹೊರಳಬೇಕೇ? ಕಡಲಂಚಿನ ಮಾತುಕತೆಯಲ್ಲಿ ಸಿಗುವ ಉತ್ತರ, ಹೇಳುವವರ ಕಂಕುಳಲ್ಲಿ ಯಾವ ಹಲಗೆಯಿದೆಯೋ ಅದನ್ನೇ ಹೊಗಳುತ್ತದೆ. ಎರಡು ಹಲಗೆಗಳೂ ನೀರನ್ನು ಹೇಗೆ ಕಚ್ಚಿ ಹಿಡಿಯುತ್ತವೆ ಎಂಬುದನ್ನು ಅರಿತರೆ, ಇನ್ನೊಬ್ಬರ ಹೊಗಳಿಕೆಯ ಮೇಲೆ ಅವಲಂಬಿಸುವ ಅಗತ್ಯ ಕಡಿಮೆಯಾಗುತ್ತದೆ.

ಟ್ವಿನ್ ಟಿಪ್ ಎಂದರೆ ಚಪ್ಪಟೆಯಾದ, ತೆಳುವಾದ ಹಲಗೆ. ವಯಸ್ಕರು ಬಳಸುವುದು ಸಾಮಾನ್ಯವಾಗಿ 132ರಿಂದ 142 ಸೆಂಟಿಮೀಟರ್ ಉದ್ದ, 39ರಿಂದ 42 ಸೆಂಟಿಮೀಟರ್ ಅಗಲದ್ದು. ಒಳಗೆ ಹಗುರವಾದ ಮರದ ತಿರುಳು, ಹೊರಗೆ ಗಾಜಿನ ನಾರು ಅಥವಾ ಕಾರ್ಬನ್ ನಾರಿನ ಹೊದಿಕೆ, ನಾಲ್ಕು ಮೂಲೆಗಳಲ್ಲಿ ತಳದಿಂದ ನೀರಿಗಿಳಿಯುವ, ಮೀನಿನ ರೆಕ್ಕೆಯಂಥ, ನಾಲ್ಕೈದು ಸೆಂಟಿಮೀಟರಿನ ಚಿಕ್ಕ ಫಿನ್‌ಗಳು. ಎಡಕ್ಕೆ ಹೋಗುವಾಗ ಎಡ ತುದಿ ಮುಂದೆ, ಬಲಕ್ಕೆ ಹೋಗುವಾಗ ಬಲ ತುದಿ ಮುಂದೆ. ಡೈರೆಕ್ಷನಲ್ ಹಲಗೆ ಇದಕ್ಕೆ ತೀರ ಬೇರೆ. ಅದು ಐದು ಅಡಿಯಿಂದ ಆರು ಅಡಿಯವರೆಗಿನ, ಅಂದರೆ ಸುಮಾರು 152ರಿಂದ 183 ಸೆಂಟಿಮೀಟರ್ ಉದ್ದದ, ದಪ್ಪ ಒಡಲಿನ ಹಲಗೆ. ತಿರುಳು ನಾವು ಥರ್ಮೋಕೋಲ್ ಎನ್ನುವ ವಸ್ತುವಿನ ಗಟ್ಟಿ ರೂಪ. ಅದರ ಮೇಲೆ ಎಪಾಕ್ಸಿ ಹೊದಿಕೆ, ಕೆಲವೊಮ್ಮೆ ಬಿದಿರಿನ ತೆಳು ಪದರ. 20ರಿಂದ 28 ಲೀಟರಿನಷ್ಟು ಗಾತ್ರವಿರುವುದರಿಂದ ಅದು ತಾನಾಗಿ ತೇಲುತ್ತದೆ, ಆದರೆ ನಿಂತವರನ್ನು ಹೊತ್ತು ತೇಲುವಷ್ಟಲ್ಲ. ಹಿಂಬದಿಯಲ್ಲಿ ಮೂರು ಅಥವಾ ನಾಲ್ಕು ಫಿನ್‌ಗಳು, ಪ್ರತಿಯೊಂದೂ ಗೇಣಿನ ಅರ್ಧದಷ್ಟು ಉದ್ದ. ಮೇಲ್ಮೈಯಲ್ಲಿ ಮೇಣ ಬಳಿದಿರುತ್ತದೆ, ಇಲ್ಲವೇ ಜಾರದಂತೆ ಸ್ಪಂಜಿನ ಹಾಸು ಅಂಟಿಸಿರುತ್ತದೆ. ಪಾದವನ್ನು ಹಿಡಿದಿಡುವ ಬೇರೆ ಯಾವ ಸಾಧನವೂ ಅಲ್ಲಿಲ್ಲ. ಪಟ್ಟಿ ಹಾಕಿದ ಡೈರೆಕ್ಷನಲ್ ಹಲಗೆಗಳೂ ಇವೆ, ಆದ್ದರಿಂದ ‘ಡೈರೆಕ್ಷನಲ್’ ಮತ್ತು ‘ಸ್ಟ್ರ್ಯಾಪ್‌ಲೆಸ್’ (ಪಟ್ಟಿಯಿಲ್ಲದ) ಎರಡೂ ಒಂದೇ ಅರ್ಥದ ಮಾತುಗಳೆಂದು ತಿಳಿಯಬಾರದು.

ಪಟ್ಟಿಯಿಲ್ಲದ ಹಲಗೆ ಹೊಸ ಷೋಕಿ ಎಂದು ಭಾವಿಸುವವರಿಗೆ ಈ ಆಟದ ಚರಿತ್ರೆ ಸ್ವಲ್ಪ ತಬ್ಬಿಬ್ಬು ಮಾಡುವಂಥದ್ದು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಬ್ರೂನೊ ಮತ್ತು ಡೊಮಿನಿಕ್ ಲೆಗೆಯ್ನೂ ಸಹೋದರರು, ನೀರಿಗೆ ಬಿದ್ದರೂ ಮತ್ತೆ ಏಳಬಲ್ಲ ಗಾಳಿ ತುಂಬಿದ ಪಟಕ್ಕೆ 1984ರಲ್ಲಿ ಪೇಟೆಂಟ್ ಪಡೆದರು. ಅದು ವಿಪಿಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಆಗ ಹವಾಯಿಯ ಮಾವಿಯಲ್ಲೂ ಫ್ರಾನ್ಸಿನಲ್ಲೂ ಜನ ಏರಿದ್ದು ಸರ್ಫಿಂಗ್ ಮತ್ತು ವಿಂಡ್‌ಸರ್ಫಿಂಗಿನಿಂದ ಎರವಲು ಪಡೆದ, ಮೂತಿ ಒಂದೇ ಕಡೆಗಿದ್ದ ಹಲಗೆಗಳನ್ನೇ. ಮೋಟಾರು ದೋಣಿಯ ಹಿಂದೆ ಎಳೆಸಿಕೊಂಡು ಸಾಗುವ ವೇಕ್‌ಬೋರ್ಡಿನ ರೂಪವನ್ನು ಹೋಲುವ ಟ್ವಿನ್ ಟಿಪ್ 2000ದ ಆಸುಪಾಸಿನಲ್ಲಿ ಹಬ್ಬಿ, ಕೆಲವೇ ವರ್ಷಗಳಲ್ಲಿ ಹಳೆಯದನ್ನು ಬಹುತೇಕ ಮೂಲೆಗೆ ತಳ್ಳಿತು. ಕಾರಣ ಸರಳ: ದಿಕ್ಕು ಬದಲಿಸುವಾಗ ಕಾಲು ಬದಲಿಸಬೇಕಿಲ್ಲ. ಆಮೇಲೆ ಕೇಪ್ ವರ್ಡೆ ದ್ವೀಪಗಳ ಸಾಲ್‌ನಂಥ ಕಡೆ, ಅಲ್ಲಿನ ಸವಾರ ಮಿತು ಮೊಂತೆಯ್ರು ಅಂಥವರು ಪಟ್ಟಿಯಿಲ್ಲದ ಹಲಗೆಯಲ್ಲೇ ಅಲೆ ಸವಾರಿಯನ್ನೂ ಗಾಳಿಯಲ್ಲಿ ಪಲ್ಟಿಯನ್ನೂ ಮಾಡಿ ತೋರಿಸಿದ ಮೇಲೆ, ಮೂಲೆಗೆ ಸರಿದಿದ್ದ ಹಲಗೆ ಹೊಸ ಮರ್ಯಾದೆಯೊಂದಿಗೆ ಮರಳಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪಟ ನಮ್ಮನ್ನು ಎಳೆಯುವುದು ಮೇಲಕ್ಕೆ, ಪಕ್ಕಕ್ಕೆ ಮತ್ತು ಗಾಳಿ ಹೋಗುವ ದಿಕ್ಕಿಗೆ. ಈ ಎಳೆತದ ಒಂದು ಪಾಲನ್ನು ನೀರು ಅಡ್ಡಗಟ್ಟಿ ತಡೆಯದಿದ್ದರೆ, ಸವಾರ ಗಾಳಿಯೊಂದಿಗೆ ತರಗೆಲೆಯಂತೆ ಕೊಚ್ಚಿಹೋಗುತ್ತಾನೆ. ತಡೆ ಒದಗಿಸುವ ಕೆಲಸವನ್ನು ಟ್ವಿನ್ ಟಿಪ್ ತನ್ನ ಅಂಚಿನಿಂದ ಮಾಡುತ್ತದೆ. ಸವಾರ ಹಿಮ್ಮಡಿಗಳ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲಿದಾಗ, ಹಲಗೆ ಓರೆಯಾಗಿ, ಅದರ ಉದ್ದನೆಯ ಅಂಚು ನೀರನ್ನು ಕೊಯ್ದುಕೊಂಡು ಹೋಗುತ್ತದೆ. ಆ ಅಂಚೇ ದೋಣಿಯ ತಳದ ಏಣಿನಂತೆ ಕೆಲಸ ಮಾಡುತ್ತದೆ. ಅಲ್ಲಿ ಫಿನ್‌ಗಳದು ಬರಿಯ ಸಹಾಯಕ ಪಾತ್ರ. ಫಿನ್‌ಗಳನ್ನು ಬಿಚ್ಚಿಟ್ಟೇ ಟ್ವಿನ್ ಟಿಪ್ ಓಡಿಸುವ ಅನುಭವಿಗಳಿದ್ದಾರೆ. ಆದರೆ ಈ ಏರ್ಪಾಡಿಗೆ ಒಂದು ಬೆಲೆಯಿದೆ. ಹಲಗೆಯನ್ನು ಎಷ್ಟು ಓರೆ ಮಾಡುತ್ತೇವೋ ಅಷ್ಟು ಅದರ ತಳ ನೀರಿನ ಮೇಲೆ ಜಾರುವುದು ಕಡಿಮೆಯಾಗಿ, ತಡೆ ಹೆಚ್ಚುತ್ತದೆ. ಆ ತಡೆಯನ್ನು ಮೀರಿ ವೇಗ ಉಳಿಸಿಕೊಳ್ಳಲು ಪಟದಿಂದ ಹೆಚ್ಚು ಶಕ್ತಿ ಬೇಕು.

ಡೈರೆಕ್ಷನಲ್ ಹಲಗೆಯಲ್ಲಿ ಅದೇ ಕೆಲಸದ ದೊಡ್ಡ ಪಾಲು ಫಿನ್‌ಗಳದು. ಅವು ನೀರಿನಲ್ಲಿ ನೆಟ್ಟಗೆ ಇಳಿದಿರುವುದರಿಂದ, ಹಲಗೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಓಡುತ್ತಿರುವಾಗಲೂ ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಸವಾರ ಹಿಂಗಾಲಿನಿಂದ ಫಿನ್‌ಗಳ ಮೇಲೆ ಹದವಾಗಿ ಒತ್ತಿ, ಅಂಚನ್ನು ತುಸುವೇ ಒಳಗಿಳಿಸಿದರೆ ಸಾಕು, ಹಲಗೆ ಗಾಳಿಯ ಎದುರಿಗೆ ಏರುತ್ತಾ ಹೋಗುತ್ತದೆ. ತಳದ ಅಗಲವೆಲ್ಲ ನೀರಿನ ಮೇಲೆ ಜಾರಲು ಸಿಗುವುದರಿಂದ ಕಡಿಮೆ ಎಳೆತದಲ್ಲೇ ಓಟ ಉಳಿಯುತ್ತದೆ. ಆದ್ದರಿಂದಲೇ ಒಬ್ಬನೇ ಸವಾರ, ಒಂದೇ ಗಾಳಿಯಲ್ಲಿ, ಟ್ವಿನ್ ಟಿಪ್‌ಗೆ 12 ಚದರ ಮೀಟರಿನ ಪಟ ಹಿಡಿದರೆ, ಡೈರೆಕ್ಷನಲ್ ಹಲಗೆಗೆ ಒಂದು ಅಳತೆ ಚಿಕ್ಕ ಪಟವನ್ನು ಹಿಡಿಯುವುದು ವಾಡಿಕೆ. ಗಂಟೆಗೆ 22ರಿಂದ 28 ಕಿಲೋಮೀಟರ್, ಅಂದರೆ 12ರಿಂದ 15 ನಾಟ್ ವೇಗದ ತೆಳು ಗಾಳಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ: ಟ್ವಿನ್ ಟಿಪ್‌ನವರು ದೊಡ್ಡ ಪಟವನ್ನು ಮೇಲೆ ಕೆಳಗೆ ಆಡಿಸುತ್ತಾ ಏದುಸಿರು ಬಿಡುತ್ತಿರುವಾಗ, ಪಕ್ಕದವರು ಪಟವನ್ನು ಒಂದೇ ಕಡೆ ನಿಲ್ಲಿಸಿ ಆರಾಮವಾಗಿ ಸಾಗುತ್ತಿರುತ್ತಾರೆ.

ಗಾಳಿ ಗಟ್ಟಿಯಾದಾಗ ಲೆಕ್ಕ ತಲೆಕೆಳಗಾಗುತ್ತದೆ. 25 ನಾಟ್ ದಾಟಿದ ಮೇಲೆ, ಪಟ ಬೇಡವೆಂದರೂ ಎಳೆಯುತ್ತಿರುವಾಗ, ತೆಳುವಾದ ಟ್ವಿನ್ ಟಿಪ್‌ನ ಅಂಚನ್ನು ನೀರಿಗೆ ಅದುಮಿ ಆ ಎಳೆತವನ್ನು ನುಂಗಿಸುವುದು ಸುಲಭ. ದಪ್ಪ ಅಂಚಿನ ಡೈರೆಕ್ಷನಲ್ ಹಲಗೆ ನೀರಿನಿಂದ ಮೇಲಕ್ಕೆ ಪುಟಿಯುತ್ತದೆ. ಹಿಂಗಾಲಿನಿಂದ ಹೆಚ್ಚು ಒತ್ತಿದರೆ ಫಿನ್‌ಗಳು ನೀರಿನ ಹಿಡಿತ ಬಿಟ್ಟು ಹಲಗೆ ಪಕ್ಕಕ್ಕೆ ಜಾರಿಬಿಡುತ್ತದೆ. ಅಲ್ಲಿ ಹೆಚ್ಚು ಶಕ್ತಿಯನ್ನು ತಡೆದು ನಿಲ್ಲುವುದರ ಬದಲು, ಮೊದಲೇ ಚಿಕ್ಕ ಪಟ ಆರಿಸಿ ಶಕ್ತಿಯೇ ಬಾರದಂತೆ ನೋಡಿಕೊಳ್ಳುವುದು ಸರಿಯಾದ ದಾರಿ.

ಇನ್ನು ಪಟ್ಟಿಗಳ ಮಾತು. ಇವನ್ನು ಕೇವಲ ಅನುಕೂಲದ ವಸ್ತುವೆಂದು ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ. ನಮ್ಮ ಸಾರಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ ಚಾಲಕ ಬ್ರೇಕ್ ಹಾಕಿದ್ದು, ತಿರುವಿನಲ್ಲಿ ವಾಲಿಸಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ, ಏಕೆಂದರೆ ಆ ಏರುಪೇರನ್ನೆಲ್ಲ ತೋಳು ನುಂಗುತ್ತದೆ. ಎರಡೂ ಕೈಯಲ್ಲಿ ಚೀಲ ಹಿಡಿದು ಬರಿಗಾಲ ಸಮತೋಲದ ಮೇಲೆ ನಿಂತವರಿಗೆ ಚಾಲಕನ ಪ್ರತಿಯೊಂದು ತಪ್ಪೂ ಅಂಗಾಲಿಗೆ ತಿಳಿಯುತ್ತದೆ. ಪಾದಪಟ್ಟಿ ಆ ಕಂಬಿಯಿದ್ದಂತೆ. ಪಟವನ್ನು ಒರಟಾಗಿ ತಿರುಗಿಸಿದಾಗ, ಪಟವನ್ನು ನಿಯಂತ್ರಿಸುವ ಹಿಡಿಕೋಲಾದ ಬಾರನ್ನು ಥಟ್ಟನೆ ಎಳೆದಾಗ, ದೇಹದ ಭಾರ ಹಲಗೆಯಿಂದ ಕ್ಷಣಕಾಲ ಮೇಲೆದ್ದರೂ ಪಟ್ಟಿ ಹಲಗೆಯನ್ನು ಕಾಲಿಗೆ ಅಂಟಿಸಿಕೊಂಡೇ ಇರುತ್ತದೆ, ತಪ್ಪು ನಡೆದದ್ದು ಸವಾರನಿಗೆ ತಿಳಿಯುವುದೇ ಇಲ್ಲ. ಪಟ್ಟಿಯಿಲ್ಲದ ಹಲಗೆಯಲ್ಲಿ ಅದೇ ತಪ್ಪಿಗೆ ಹಲಗೆ ಕಾಲಡಿಯಿಂದ ಹೊರಟೇಹೋಗುತ್ತದೆ. ಟ್ವಿನ್ ಟಿಪ್‌ನಲ್ಲಿ ಹಲವು ವರ್ಷ ಪಳಗಿದವರೂ ಮೊದಲ ದಿನ ಪಟ್ಟಿಯಿಲ್ಲದ ಹಲಗೆಯ ಮೇಲೆ ಪದೇಪದೇ ನೀರಿಗೆ ಬೀಳುವುದಕ್ಕೆ ಕಾಲಿನ ದೋಷಕ್ಕಿಂತ ಕೈಯ ದೋಷವೇ ಹೆಚ್ಚಿನ ಕಾರಣ. ನನ್ನ ಮಟ್ಟಿಗೆ, ಡೈರೆಕ್ಷನಲ್ ಹಲಗೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದು: ಅಲೆಯೇ ಇಲ್ಲದ ನೀರಿನಲ್ಲೂ ಅದು ಪಟ ಹಾರಿಸುವುದನ್ನು ಹೊಸದಾಗಿ ಕಲಿಸುತ್ತದೆ.

ದಿಕ್ಕು ಬದಲಿಸುವ ಬಗೆಯಲ್ಲಿ ಎರಡೂ ಹಲಗೆಗಳ ದಾರಿ ಸಂಪೂರ್ಣ ಬೇರೆಯಾಗುತ್ತದೆ. ಟ್ವಿನ್ ಟಿಪ್‌ನಲ್ಲಿ ವೇಗ ತಗ್ಗಿಸಿ, ಪಟವನ್ನು ತಲೆಯ ಮೇಲಿನಿಂದ ಆಚೆಗೆ ದಾಟಿಸಿ, ಇನ್ನೊಂದು ಕಾಲಿಗೆ ಭಾರ ವರ್ಗಾಯಿಸಿದರೆ ಆಯಿತು. ಡೈರೆಕ್ಷನಲ್ ಹಲಗೆಯನ್ನು ಹಾಗೆ ಹಿಂದುಮುಂದಾಗಿ ಓಡಿಸಲಾಗದು, ಮೂತಿಯನ್ನೇ ತಿರುಗಿಸಬೇಕು. ಗಾಳಿ ಹೋಗುವ ಕಡೆಗೆ ದೊಡ್ಡ ಬಾಗು ತೆಗೆದು ತಿರುಗುವುದಕ್ಕೆ ಜೈಬ್ ಎಂದೂ, ಗಾಳಿಯ ಎದುರಿಗೇ ಮೂತಿ ಹಾಯಿಸಿ ತಿರುಗುವ ಕಷ್ಟದ ವಿಧಾನಕ್ಕೆ ಟ್ಯಾಕ್ ಎಂದೂ ಹೆಸರು. ಜೈಬ್ ಮುಗಿದಾಗ ಸವಾರ ಕಾಲ್ಬೆರಳ ಬದಿಯ ಅಂಚಿನ ಮೇಲೆ, ಗಾಳಿಗೆ ಬೆನ್ನು ಕೊಡುವ ಬದಲು ಎದೆಗೊಟ್ಟು ನಿಂತಿರುತ್ತಾನೆ. ಆಗ ಮುಂಗಾಲನ್ನು ಹಿಂದಕ್ಕೂ ಹಿಂಗಾಲನ್ನು ಮುಂದಕ್ಕೂ ಬದಲಿಸಬೇಕು. ಈ ಬದಲಾವಣೆ ಸಾಧ್ಯವಾಗುವುದು, ಪಟ ಎತ್ತರದಲ್ಲಿದ್ದು ಸವಾರನ ಸೊಂಟಕ್ಕೆ ಬಿಗಿದು ಪಟಕ್ಕೆ ಜೋಡಿಸಿದ ಹಾರ್ನೆಸ್‌ನ ಮೂಲಕ ದೇಹದ ಒಂದಿಷ್ಟು ಭಾರವನ್ನು ಹೊತ್ತಿರುವ ಒಂದೇ ಒಂದು ಗಳಿಗೆಯಲ್ಲಿ. ಮುಲ್ಕಿ, ಸಸಿಹಿತ್ಲು ಕಡಲಿನಲ್ಲಿ ಸರ್ಫಿಂಗ್ ಕಲಿತು ಆಮೇಲೆ ಕೈಟ್‌ಗೆ ಬರುವವರಿಗೆ ಇಲ್ಲಿ ಒಂದು ಮುನ್ನಡೆಯಿದೆ, ಒಂದು ತೊಡಕೂ ಇದೆ. ಪಟ್ಟಿಯಿಲ್ಲದೆ ನಿಲ್ಲುವುದು ಅವರಿಗೆ ಹೊಸತಲ್ಲ. ಆದರೆ ಸರ್ಫಿಂಗ್‌ನಲ್ಲಿ ಸದಾ ಒಂದೇ ಕಾಲು ಮುಂದಿಟ್ಟ ರೂಢಿಯಿಂದಾಗಿ, ಎರಡೂ ಕಾಲುಗಳನ್ನು ಸರದಿಯಲ್ಲಿ ಮುಂದಿಡಲು ಅವರು ಹೊಸದಾಗಿ ಕಲಿಯಬೇಕಾಗುತ್ತದೆ.

ಅಲೆಯ ಮೇಲೆ ಡೈರೆಕ್ಷನಲ್ ಹಲಗೆಗೆ ಸಾಟಿಯಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಲೆ ಸವಾರಿಯಲ್ಲಿ ನಮ್ಮನ್ನು ದೂಡುವುದು ಅಲೆಯ ಇಳಿಜಾರು. ಪಟ ಆ ಹೊತ್ತಿಗೆ ಹೆಚ್ಚುಕಡಿಮೆ ಸುಮ್ಮನೆ ಗಾಳಿಯೊಂದಿಗೆ ತೇಲುತ್ತಾ ಜೊತೆಗೆ ಬರಬೇಕು. ಇಳಿಜಾರಿನ ಬುಡಕ್ಕೆ ಇಳಿದು, ಹಲಗೆಯ ಅಂಚನ್ನು ನೀರಿನಲ್ಲಿ ಹೂತು, ಮತ್ತೆ ತುದಿಗೆ ಏರಿ, ಅಲ್ಲಿಂದ ಹೊರಳಿ ಇಳಿಯುವ ಈ ಇಡೀ ಕ್ರಮಕ್ಕೆ ಬೇಕಾದದ್ದು ಬಾಗಿದ ಅಂಚು, ಮೇಲೆದ್ದ ಮೂತಿ, ಹಿಂಬದಿಯ ಫಿನ್‌ಗಳ ಮೇಲೆ ಬೇಕಾದಾಗ ಹಿಂದೆ ಸರಿಯಬಲ್ಲ ಪಾದ. ಟ್ವಿನ್ ಟಿಪ್‌ನಲ್ಲಿ ಪಾದಗಳು ನಡುವಿನಲ್ಲಿ ಕೂಡಿಹಾಕಲ್ಪಟ್ಟಿರುತ್ತವೆ. ಹಲಗೆ ತನ್ನ ನಡುವಿನ ಸುತ್ತಲೇ ತಿರುಗುತ್ತದೆ, ಅಲೆಯ ಶಕ್ತಿಗಿಂತ ಪಟದ ಎಳೆತವನ್ನೇ ನೆಚ್ಚಿಕೊಳ್ಳುತ್ತದೆ. ಸಾಲ್ ದ್ವೀಪದ ಪೊಂತಾ ಪ್ರೆತಾದಲ್ಲಿ ಬಂಡೆಗಳ ಮೇಲೆ ಒಡೆಯುವ ಅಲೆಗಾಗಲಿ, ಮಾರಿಷಸ್ಸಿನ ಲೆ ಮೋರ್ನ್ ಬಳಿಯ ಒನ್ ಐ ಎಂಬ ಹವಳದ ದಿಬ್ಬದ ಅಲೆಗಾಗಲಿ ಹೋಗುವವರು ಡೈರೆಕ್ಷನಲ್ ಹಲಗೆಯನ್ನೇ ಒಯ್ಯುವುದು ಇದಕ್ಕಾಗಿ. ಸಾಲ್‌ನವರೇ ಆದ ಏರ್ಟನ್ ಕೊಜೊಲೀನೊ ಹಲವು ಬಾರಿ ವಿಶ್ವ ಪ್ರಶಸ್ತಿ ಗೆದ್ದದ್ದು ಪಟ್ಟಿಯಿಲ್ಲದ ಹಲಗೆಯ ಮೇಲೆ.

ಎತ್ತರಕ್ಕೆ ಜಿಗಿಯುವ ಆಸೆಯಿದ್ದವರ ಹಾದಿ ಬೇರೆ. ಜಿಗಿತದ ಗುಟ್ಟು, ನೀರಿನಲ್ಲಿ ಅಂಚನ್ನು ಬಲವಾಗಿ ಒತ್ತಿ ಹಗ್ಗಗಳಲ್ಲಿ ಬಿಗಿತ ಕೂಡಿಸಿ, ಪಟವನ್ನು ಮೇಲಕ್ಕೆ ಹಾಯಿಸಿದ ಕ್ಷಣದಲ್ಲಿ ಆ ಬಿಗಿತವನ್ನು ಒಮ್ಮೆಗೇ ಬಿಡುವುದು. ಟ್ವಿನ್ ಟಿಪ್‌ನ ಗಟ್ಟಿ ಅಂಚು ಇದಕ್ಕೆಂದೇ ಮಾಡಿದಂತಿದೆ, ಮತ್ತು ಗಾಳಿಯಲ್ಲಿ ಹಲಗೆ ಕಾಲಿಗೆ ಅಂಟಿಕೊಂಡಿರುವುದರಿಂದ ಸವಾರನ ಗಮನವೆಲ್ಲ ಪಟದ ಮೇಲಿರಬಹುದು. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಬಳಿ, ‘ಕೇಪ್ ಡಾಕ್ಟರ್’ ಎಂದು ಕರೆಯುವ ಆಗ್ನೇಯದ ಬಿರುಗಾಳಿಯಲ್ಲಿ 2013ರಿಂದ ನಡೆಯುತ್ತಿರುವ ಕಿಂಗ್ ಆಫ್ ದಿ ಏರ್ ಸ್ಪರ್ಧೆಯಲ್ಲಿ ಕಾಣುವುದು ಈ ಹಲಗೆಗಳೇ. ಅಳೆಯುವ ಉಪಕರಣ ಕಟ್ಟಿಕೊಂಡು ಜಿಗಿದವರ ದಾಖಲೆ 30 ಮೀಟರನ್ನು ದಾಟಿದೆ, ಅಂದರೆ ಹತ್ತು ಮಹಡಿಯ ಕಟ್ಟಡದಷ್ಟು ಎತ್ತರ.

ಹಾಗಾದರೆ ಪಟ್ಟಿಯಿಲ್ಲದ ಹಲಗೆಯಲ್ಲಿ ಜಿಗಿದವರ ಕಾಲಡಿ ಹಲಗೆ ಹೇಗೆ ನಿಲ್ಲುತ್ತದೆ? ನೋಡಿದವರೆಲ್ಲ ಕೇಳುವ ಪ್ರಶ್ನೆಯಿದು, ಉತ್ತರ ಮೇಣದಲ್ಲಿಲ್ಲ. ಹಲಗೆಯನ್ನು ಅಂಗಾಲಿಗೆ ಒತ್ತಿ ಹಿಡಿಯುವುದು ಗಾಳಿ. ನೀರಿನಿಂದ ಮೇಲೇಳುವಾಗ ಮುಂಗಾಲಿನ ಮಂಡಿಯನ್ನು ಎತ್ತಿ, ಹಲಗೆಯ ತಳವನ್ನು ಗಾಳಿ ಬರುವ ಕಡೆಗೆ ತೋರಿಸಿದರೆ, ಬೀಸುವ ಗಾಳಿ ಅದನ್ನು ಪಾದಕ್ಕೆ ಒತ್ತಿಕೊಂಡೇ ಇರುತ್ತದೆ. ತಳ ತುಸು ಬೇರೆ ಕಡೆಗೆ ತಿರುಗಿದರೂ ಅದೇ ಗಾಳಿ ಹಲಗೆಯನ್ನು ಕಿತ್ತೊಯ್ಯುತ್ತದೆ. ಹಾಗಾಗಿ ಈ ಜಿಗಿತಕ್ಕೆ ನಯವಾದ, ಏಕಪ್ರಕಾರದ ಎಳೆತ ಬೇಕು. ಎತ್ತರ ಕಡಿಮೆಯಿದ್ದರೂ ನಡೆಯುತ್ತದೆ, ಪಟದಲ್ಲಿ ಜಗ್ಗಾಟವಿದ್ದರೆ ನಡೆಯುವುದಿಲ್ಲ. ಇಳಿಯುವಾಗಲೂ ಗಾಳಿ ಹೋಗುವ ಕಡೆಗೆ ಮೂತಿ ತಿರುಗಿಸಿ ಮೆತ್ತಗೆ ಇಳಿಯಬೇಕು. ಇಲ್ಲವಾದರೆ ಹಿಮ್ಮಡಿಯ ಏಟಿಗೆ ಮೇಲ್ಮೈಯಲ್ಲಿ ಗುಳಿ ಬೀಳುತ್ತದೆ.

ಸುರಕ್ಷತೆಯ ವಿಷಯದಲ್ಲಿ ಅಪಾಯ ಯಾವ ಹಲಗೆಯಲ್ಲೂ ಇಲ್ಲವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ. ಪಟ್ಟಿಯಿದ್ದಲ್ಲಿ, ಬೀಳುವಾಗ ಒಂದು ಪಾದ ಹೊರಬಂದು ಇನ್ನೊಂದು ಸಿಕ್ಕಿಕೊಂಡರೆ ಮಂಡಿ, ಹರಡು ತಿರುಚಿಕೊಳ್ಳುವ ಸಂಭವವಿದೆ. ಪಟ್ಟಿಯಿಲ್ಲದ ಕಡೆ ಕಾಲು ಸುಲಭವಾಗಿ ಪಾರಾಗುತ್ತದೆ, ಆದರೆ ಬಿಡುಗಡೆಯಾದ ಹಲಗೆ ಅಲೆಯೊಂದಿಗೆ ನಮ್ಮ ಮೇಲೆಯೇ ಅಥವಾ ಸ್ನಾನಕ್ಕಿಳಿದವರ ಮೇಲೆ ಬರಬಹುದು, ಫಿನ್‌ಗಳು ಕೊಯ್ಯಬಹುದು. ಹಲಗೆ ಕಳೆದುಹೋಗದಿರಲೆಂದು ಸರ್ಫರ್‌ಗಳಂತೆ ಹಗ್ಗ ಕಟ್ಟಿಕೊಳ್ಳುವ ಉಪಾಯ ಹೊಸಬರಿಗೆ ಹೊಳೆಯುವುದು ಸಹಜ, ಅದನ್ನು ಮಾಡಲೇಬಾರದು. ಪಟ ನಮ್ಮನ್ನು ಮುಂದಕ್ಕೆ ಸೆಳೆಯುತ್ತಿರುವಾಗ ಹಿಂದುಳಿದ ಹಲಗೆ ಹಗ್ಗವನ್ನು ಹಿಗ್ಗಿಸಿ, ಕವಣೆ ಕಲ್ಲಿನಂತೆ ತಲೆಗೇ ಬಂದು ಬಡಿಯುತ್ತದೆ. ಹಲಗೆಯನ್ನು ಮರಳಿ ಪಡೆಯುವ ಸರಿಯಾದ ವಿಧಾನ ಬಾಡಿ ಡ್ರ್ಯಾಗ್: ಪಟವನ್ನು ಒಂದು ಪಕ್ಕಕ್ಕೆ ತಗ್ಗಿಸಿ ಹಿಡಿದು, ಇನ್ನೊಂದು ಕೈಯನ್ನು ನೀರಿನಲ್ಲಿ ಏಣಿನಂತೆ ಚಾಚಿ, ದೇಹವನ್ನೇ ಹಲಗೆಯಾಗಿಸಿಕೊಂಡು ಅಂಕುಡೊಂಕಾಗಿ ಗಾಳಿಯ ಎದುರಿಗೆ ಏರುವುದು. ಇದು ಎರಡು ಬದಿಗೂ ಸರಾಗವಾಗಿ ಬಾರದವರು ಪಟ್ಟಿಯಿಲ್ಲದ ಹಲಗೆ ಕೊಳ್ಳುವುದನ್ನು ಮುಂದೂಡಬೇಕು. ನಾನು ಇದೊಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಬಾಳಿಕೆಯಲ್ಲಿ ಟ್ವಿನ್ ಟಿಪ್ ಗಟ್ಟಿಗ. ಮರಳಿಗೆ ಉಜ್ಜಿದರೂ, ಜೀಪಿನ ಮೇಲೆ ಕಟ್ಟಿ ಒಯ್ದರೂ ತಡೆಯುತ್ತದೆ. ವಿಮಾನದಲ್ಲಿ ಒಯ್ಯಲೂ ಸುಲಭ. ಡೈರೆಕ್ಷನಲ್ ಹಲಗೆಗೆ ಬಿರುಕು ಬಿಟ್ಟರೆ ಒಳಗಿನ ತಿರುಳಿಗೆ ನೀರು ಇಳಿಯುತ್ತದೆ, ಆದ್ದರಿಂದ ಆ ದಿನದ ಆಟವನ್ನು ಅಲ್ಲಿಗೇ ನಿಲ್ಲಿಸಿ ಒಣಗಿಸಿ, ಬಿರುಕು ಮುಚ್ಚಬೇಕು. ನಮ್ಮ ಕಡೆ ಒಂದು ಎಚ್ಚರಿಕೆ ಅಗತ್ಯ: ಬಂದರಿನ ಬಳಿ ಫೈಬರ್ ದೋಣಿ ರಿಪೇರಿ ಮಾಡುವವರು ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ, ಎಪಾಕ್ಸಿ ರೆಸಿನ್ನನ್ನೇ ಕೇಳಿ ಹಾಕಿಸಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಹೊದಿಕೆ ತಿರುಳಿನಿಂದ ಬಿಟ್ಟುಕೊಂಡು ಉಬ್ಬುತ್ತದೆ, ಮೇಣವಂತೂ ತುಪ್ಪದಂತೆ ಕರಗಿ ಹರಿಯುತ್ತದೆ. ನಮ್ಮ ಹವೆಗೆ ಸ್ಪಂಜಿನ ಹಾಸು ಇರುವ ಹಲಗೆಯೇ ಮೇಲು.

ಕೊನೆಗೆ ಎಲ್ಲವೂ ನಿಲ್ಲುವುದು ಯಾವ ನೀರಿನಲ್ಲಿ ಆಡುತ್ತೇವೆ ಎಂಬುದರ ಮೇಲೆ. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದ ಗಾಳಿ ಜೋರಾಗಿದ್ದರೂ, ಅದು ಕಡಲಿನಿಂದ ನೇರ ದಡಕ್ಕೆ ಬೀಸುತ್ತದೆ, ಕಡಲೂ ಪ್ರಕ್ಷುಬ್ಧವಾಗಿರುತ್ತದೆ. ಆಗ ಪಟ ಹಿಡಿದು ನೀರಿಗಿಳಿಯುವುದು ಜಾಣತನವಲ್ಲ. ಹೀಗಾಗಿ ಕನ್ನಡಿಗರಿಗೆ ನೆಚ್ಚಿಕೊಳ್ಳಬಹುದಾದ ಹತ್ತಿರದ ಜಾಗ ರಾಮೇಶ್ವರ ದ್ವೀಪ. ಬೇಸಿಗೆಯಿಂದ ಮಳೆಗಾಲದವರೆಗೆ ದಕ್ಷಿಣದ ಕಡೆಯಿಂದ, ಚಳಿಗಾಲದಲ್ಲಿ ಉತ್ತರದ ಕಡೆಯಿಂದ ಗಾಳಿ ಬರುವ ಅಲ್ಲಿ, ತೆಳುವಾದ ಮರಳು ಪಟ್ಟಿಯನ್ನು ದಾಟಿ ಗಾಳಿ ಇಳಿಯುವ ಮಗ್ಗುಲಿನಲ್ಲಿ ನೀರು ತಟ್ಟೆಯಂತೆ ಸಮವಾಗಿ, ಆಳವಿಲ್ಲದೆ ಇರುತ್ತದೆ. ವರ್ಷಕ್ಕೆ ಎರಡು ಬಾರಿ ಅಲ್ಲಿಗೆ ಹೋಗಿ ಬರುವವರು, ಜಿಗಿತ ಕಲಿಯುವ ಉತ್ಸಾಹವಿದ್ದವರು, ಒಂದೇ ಹಲಗೆಗೆ ಹಣವಿರುವವರು ಟ್ವಿನ್ ಟಿಪ್ ಕೊಳ್ಳುವುದೇ ಸರಿ; ಸುಮಾರು 75 ಕಿಲೋ ತೂಕದವರಿಗೆ 138ರಿಂದ 140 ಸೆಂಟಿಮೀಟರಿನದು ಬಹುತೇಕ ಎಲ್ಲ ಗಾಳಿಗೂ ಒದಗುತ್ತದೆ. ಆದರೆ ಜಿಗಿತದ ಹುಚ್ಚಿಲ್ಲದೆ ತೆಳು ಗಾಳಿಯಲ್ಲೂ ತಾಸುಗಟ್ಟಲೆ ಸಾಗಬೇಕೆನ್ನುವವರಿಗೆ, ಮುಂದೆ ಅಲೆಯಿರುವ ಕಡಲುಗಳಿಗೆ ಹೋಗುವ ಯೋಚನೆಯಿರುವವರಿಗೆ, ಮಂಡಿಯ ಬಗ್ಗೆ ಚಿಂತೆಯಿರುವ ನಡುವಯಸ್ಸಿನವರಿಗೆ, ಅಗಲ ಮೂತಿಯ ಐದೂವರೆ ಅಡಿಯ ಆಸುಪಾಸಿನ ಡೈರೆಕ್ಷನಲ್ ಹಲಗೆ ಹೆಚ್ಚು ಹಿತ. ಒಲಿಂಪಿಕ್ಸ್ ನೋಡಿ ಆಸೆಪಟ್ಟವರಿಗೆ ಒಂದು ಮಾತು: 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ಟ್ವಿನ್ ಟಿಪ್ ಓಟವಿತ್ತು, ಆದರೆ 2024ರಲ್ಲಿ ಮಾರ್ಸೇಯ ಕಡಲಿನಲ್ಲಿ ನಡೆದದ್ದು ನೀರಿನಿಂದ ಮೇಲೆದ್ದು ಓಡುವ ಹೈಡ್ರೋಫಾಯಿಲ್ ಹಲಗೆಗಳ ಸ್ಪರ್ಧೆ, ಅದು ಈ ಎರಡರಿಂದಲೂ ಬೇರೆಯಾದ ಮೂರನೆಯ ಲೋಕ.

ಡೈರೆಕ್ಷನಲ್ ಹಲಗೆಯನ್ನು ಮೊದಲ ಬಾರಿ ಏರುವವರು ಬಾಡಿಗೆಗೆ ಪಡೆದು, 15ರಿಂದ 18 ನಾಟ್ ಗಾಳಿಯಿರುವ ದಿನ, ಸಮನೀರಿನಲ್ಲಿ, ಎಂದಿಗಿಂತ ಒಂದು ಅಳತೆ ಚಿಕ್ಕ ಪಟದೊಂದಿಗೆ ಇಳಿಯಲಿ. ನೀರಿನಿಂದ ಏಳುವಾಗ ಹಲಗೆಯನ್ನು ಗಾಳಿಗೆ ಅಡ್ಡವಾಗಿಟ್ಟು, ಎರಡೂ ಹಿಮ್ಮಡಿಗಳನ್ನು ಅದರ ಮೇಲೆ ಊರಿ, ಪಟವನ್ನು ಧುಮುಕಿಸದೆ ಮೆಲ್ಲನೆ ಇಳಿಸಬೇಕು. ಹಲಗೆ ತಾನೇ ಮೇಲೆದ್ದು ಅಂಗಾಲಿಗೆ ಬಂದು ತಾಕುತ್ತದೆ. ಮೊದಲ ದಿನವೇ ಕಾಲು ಬದಲಿಸುವ ಅವಸರ ಬೇಡ. ಜೈಬ್ ತೆಗೆದ ಮೇಲೆ ಕಾಲ್ಬೆರಳ ಬದಿಯ ಮೇಲೆಯೇ ನೂರು ಮೀಟರ್ ಸಾಗಿ, ಅಲ್ಲಿಂದ ಮತ್ತೆ ಬಾಗು ತೆಗೆದು ಹಿಂದಿನ ದಿಕ್ಕಿಗೇ ಮರಳುವುದನ್ನು ಹತ್ತಿಪ್ಪತ್ತು ಸಲ ಮಾಡಿದರೆ, ಪಟ ಎಲ್ಲಿರುವಾಗ ಪಾದದ ಮೇಲಿನ ಭಾರ ಹಗುರಾಗುತ್ತದೆ ಎಂಬುದು ದೇಹಕ್ಕೆ ಗೊತ್ತಾಗುತ್ತದೆ. ಹಿಂಗಾಲನ್ನು ಮುಂದಕ್ಕೆ ತಂದಿಡಬೇಕಾದದ್ದು ಆ ಗಳಿಗೆಯಲ್ಲಿ, ಕಣ್ಣು ಹಲಗೆಯ ಮೇಲಿರದೆ ಹೋಗಬೇಕಾದ ದಿಕ್ಕಿನ ಮೇಲಿರುವಾಗ.